ಬಂಡೆಯಿಂದ ಎಷ್ಟು ದೂರ?

ಬೋರ್‌ವೆಲ್ ಲಾರಿ ಬಂದ ದಿನ ಊರಲ್ಲಿ ಬೇರೆ ಮಾತಿರುವುದಿಲ್ಲ. ಒಂದು ಲಾರಿಯ ಬೆನ್ನ ಮೇಲೆ ಕೊರೆಯುವ ಯಂತ್ರ, ಇನ್ನೊಂದರ ತುಂಬ ರಾಡುಗಳು, ನಂಬರ್ ಪ್ಲೇಟಿನಲ್ಲಿ ಹೆಚ್ಚಾಗಿ ತಮಿಳುನಾಡಿನ ಅಕ್ಷರ. ಪೂಜೆ ಮುಗಿದು, ತೆಂಗಿನಕಾಯಿ ಒಡೆದು, ಕಂಪ್ರೆಸರ್ ಅಬ್ಬರ ಶುರುವಾಯಿತೆಂದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಮೊದಲು ಕೆಂಪು ಮಣ್ಣು ಬರುತ್ತದೆ. ಆಮೇಲೆ ಕಲ್ಲು ಸಿಕ್ಕಿ ಬೂದು ಪುಡಿ ಬುಸ್ಸೆಂದು ಮೇಲೇಳುತ್ತದೆ. ಜಮೀನಿನವರ ಕಣ್ಣೆಲ್ಲ ನೀರು ಬಂತೋ ಇಲ್ಲವೋ ಎಂದು ಕುಳಿಯ ಬಾಯಿಯ ಮೇಲೆ. ನನ್ನ ಕಣ್ಣು ಮಾತ್ರ ಲಿವರ್ ಹಿಡಿದು ನಿಂತವನ ಮೇಲೆ ಹೋಗುತ್ತದೆ. ಮೂಗಿಗೊಂದು ಟವೆಲ್ ಸುತ್ತಿಕೊಂಡು, ರೆಪ್ಪೆ ಹುಬ್ಬೆಲ್ಲ ಬೆಳ್ಳಗಾಗಿ, ಅವನು ಎಲ್ಲೋ ನೋಡುತ್ತ ನಿಂತಿರುತ್ತಾನೆ. ನಿಜಕ್ಕೂ ಅವನು ನೋಡುತ್ತಿಲ್ಲ, ಕೇಳಿಸಿಕೊಳ್ಳುತ್ತಿದ್ದಾನೆ. ಸದ್ದು ಒಂದಿಷ್ಟು ದಪ್ಪಗಾದರೆ ಮೆತ್ತನೆ ಕಲ್ಲು, ಲಿವರ್ ಅದುರುವ ಬಗೆ ಬದಲಾದರೆ ಬಿರುಕು. ನೂರಾರು ಅಡಿ ಕೆಳಗೆ ಏನಾಗುತ್ತಿದೆ ಎಂಬುದು ಅವನ ಅಂಗೈಗೆ ಗೊತ್ತು.

ಹತ್ತಿರ ನಿಂತಿದ್ದರಿಂದಲೇ ಅವನಿಗೆ ಅದು ಗೊತ್ತಾಗುತ್ತದೆ. ಹತ್ತಿರ ನಿಂತಿದ್ದರಿಂದಲೇ ಆ ಪುಡಿಯೂ ಅವನೊಳಗೆ ಇಳಿಯುತ್ತದೆ. ಬಂಡೆ ಕೊರೆಯುವವನನ್ನು ಬಂಡೆಯಿಂದ ದೂರ ಇಡಬೇಕು, ಆದರೆ ಅವನ ಅಂಗೈಯ ಅರಿವು ಬಂಡೆಯ ಬಳಿಯೇ ಉಳಿಯಬೇಕು. ಗಣಿ ಎಂಜಿನಿಯರುಗಳು ದಶಕಗಳಿಂದ ಜಗ್ಗಾಡುತ್ತಿರುವುದು ಈ ಒಗಟಿನ ಜೊತೆ.

ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದಿನವರು 190 ಮೀಟರ್‌ನಷ್ಟು ಆಳಕ್ಕೆ ಇಳಿದು ಚಿನ್ನದ ಅದಿರು ತೆಗೆದ ಗುರುತುಗಳಿವೆ. ಅವರ ಬಳಿ ಸಿಡಿಮದ್ದು ಇರಲಿಲ್ಲ. ಬಂಡೆಗೆ ಒತ್ತಿ ಬೆಂಕಿ ಹಾಕಿ, ಕಾದ ಮೇಲೆ ನೀರೆರಚಿ ಬಿರಿಯುವಂತೆ ಮಾಡುತ್ತಿದ್ದರು. ಮದ್ದು ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಈಗ ಬಂಡೆಯನ್ನು ಒಡೆಯುವುದು ಮದ್ದು, ಅದು ಕೂರಲು ಕುಳಿ ಕೊಡುವುದಷ್ಟೇ ಮನುಷ್ಯನ ಕೆಲಸ. ಒಬ್ಬ ಚಾಣ ಹಿಡಿದು ಪ್ರತಿ ಪೆಟ್ಟಿಗೂ ಚೂರು ತಿರುಗಿಸುವುದು, ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯುವುದು. ಒಂದು ಕುಳಿಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಫ್ರಾನ್ಸ್ ಮತ್ತು ಇಟಲಿ ನಡುವೆ ಆಲ್ಪ್ಸ್ ಬೆಟ್ಟ ಕೊರೆದು ಸುಮಾರು 13 ಕಿಲೋಮೀಟರಿನ ರೈಲು ಸುರಂಗ ಮಾಡುವ ಕೆಲಸ 1857ರಲ್ಲಿ ಆರಂಭವಾದದ್ದು ಹೀಗೆ ಕೈಯಿಂದಲೇ. 1861ರಲ್ಲಿ ಜರ್ಮೇನ್ ಸೊಮೇಯೆ ಎಂಬ ಎಂಜಿನಿಯರು ಒತ್ತಿದ ಗಾಳಿಯಿಂದ ಓಡುವ ಕೊರೆಯಂತ್ರಗಳನ್ನು ಅಲ್ಲಿಗೆ ತಂದ. ಸುರಂಗ 1871ರಲ್ಲಿ ತೆರೆಯಿತು.

ಯಂತ್ರ ಬಂದದ್ದರಿಂದ ಕೆಲಸಗಾರನ ಪಾಡು ಹಗುರಾಯಿತು ಎಂದುಕೊಂಡರೆ ತಪ್ಪು. ಚಾಣದ ಕಾಲದಲ್ಲಿ ಕಲ್ಲುಪುಡಿ ನಿಧಾನವಾಗಿ ಉದುರುತ್ತಿತ್ತು. ಯಂತ್ರ ಅದನ್ನು ಹಿಟ್ಟಿನ ಗಿರಣಿಯಂತೆ ತೂರತೊಡಗಿತು. 1890ರ ದಶಕದ ಕೊನೆಯಲ್ಲಿ ಅಮೆರಿಕದ ಜಾನ್ ಜಾರ್ಜ್ ಲೇನರ್ ಟೊಳ್ಳು ಉಕ್ಕಿನ ಕೊರೆ ಮಾಡಿ, ಅದರೊಳಗಿಂದ ಗಾಳಿ ಊದಿ ಪುಡಿಯನ್ನು ಹೊರಹಾಕುವ ಯಂತ್ರ ತಂದ. ಅದು ಎಬ್ಬಿಸಿದ ಧೂಳು ಗಣಿಗಾರರಿಗೇ ಸಹಿಸಲಾಗಲಿಲ್ಲ. ಆಮೇಲೆ ಅವನು ಗಾಳಿಯ ಜೊತೆ ನೀರನ್ನೂ ಹಾಯಿಸಿದ. ಒಣ ಕೊರೆಯಂತ್ರಗಳಿಗೆ ಅಮೆರಿಕದ ಗಣಿಗಾರರು ಇಟ್ಟ ಅಡ್ಡಹೆಸರು ‘ವಿಧವೆಯರನ್ನು ಮಾಡುವ ಯಂತ್ರ’. ಗಣಿಯವರು ಹೆಸರಿಡುವಾಗ ಸುಮ್ಮಸುಮ್ಮನೆ ಇಡುವುದಿಲ್ಲ.

ಕಲ್ಲಿನ ಪುಡಿಯಲ್ಲಿ ಕಣ್ಣಿಗೆ ಕಾಣುವುದು ಅಷ್ಟೇನೂ ಕೇಡು ಮಾಡದು. ಅದು ಮೂಗಿನಲ್ಲೋ ಗಂಟಲಲ್ಲೋ ನಿಂತು, ಸೀನಿದರೆ ಕೆಮ್ಮಿದರೆ ಹೊರಬರುತ್ತದೆ. ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು ಗಾತ್ರದ ಕಣಗಳು ಮಾತ್ರ ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡಿನವರೆಗೆ ಹೋಗಿ ಕೂರುತ್ತವೆ. ಅಲ್ಲಿ ಕಸ ಗುಡಿಸುವ ಜೀವಕೋಶಗಳಿವೆ, ಬಂದ ಕಣವನ್ನು ನುಂಗುವುದು ಅವುಗಳ ಕೆಲಸ. ಆದರೆ ಬೆಣಚುಕಲ್ಲಿನ ಅಂದರೆ ಸಿಲಿಕಾದ ಕಣವನ್ನು ಅರಗಿಸಿಕೊಳ್ಳಲು ಅವುಗಳಿಗಾಗದು. ನುಂಗಿದ ಕೋಶವೇ ಸಾಯುತ್ತದೆ, ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ. ಈ ಸಾವುಗಳ ಸುತ್ತ ಗಾಯದ ಕಲೆಯಂಥ ಗಂಟುಗಳು ಬೆಳೆದು ಸ್ಪಂಜಿನಂಥ ಶ್ವಾಸಕೋಶ ಗಡುಸಾಗುತ್ತ ಹೋಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಮದ್ದಿಲ್ಲ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯಬಹುದು, ಕ್ಷಯ ಇದರ ಬೆನ್ನಿಗೇ ಬರುತ್ತದೆ. 1930-31ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಎಂಬಲ್ಲಿ ಸಿಲಿಕಾ ತುಂಬಿದ ಬೆಟ್ಟವನ್ನು ನೀರು ಹಾಯಿಸದೆ ಒಣಗಿದ್ದಂತೆಯೇ ಕೊರೆಸಿದರು. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣದಿಂದ ವಲಸೆ ಬಂದ ಕಪ್ಪು ಜನ. ಆ ಒಂದು ಸುರಂಗಕ್ಕೆ ಸತ್ತವರು 764 ಮಂದಿ ಎಂದು ವೈದ್ಯ ಮಾರ್ಟಿನ್ ಚರ್ನಿಯಾಕ್ ಅಂದಾಜು ಮಾಡಿದ್ದಾರೆ. ನೀರು ಹಾಯಿಸುವ ಉಪಾಯ ಆ ಹೊತ್ತಿಗಾಗಲೇ ಮೂರು ದಶಕ ಹಳೆಯದು.

ಭಾರತದಲ್ಲಿ ಈ ರೋಗದ ಆರಂಭದ ವೈದ್ಯಕೀಯ ವರದಿಗಳು ಬಂದದ್ದು ಎಲ್ಲಿಂದ ಎಂದು ಹೇಳಬೇಕಿಲ್ಲ. ಕೋಲಾರ ಚಿನ್ನದ ಗಣಿಯಿಂದ.

ಕೆಜಿಎಫ್‌ನಲ್ಲಿ ಧೂಳಿಗಿಂತ ಭಯಂಕರವಾದ ಇನ್ನೊಂದಿತ್ತು. ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟಾಗ ಅದಿರು ಮೇಲೆಯೇ ಇತ್ತು. ಚಿನ್ನದ ಎಳೆ ಹಿಡಿದು ಇಳಿಯುತ್ತ ಇಳಿಯುತ್ತ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಯಿತು. ಆ ಆಳದಲ್ಲಿ ಮೇಲಿನ ಬಂಡೆಯ ಭಾರವನ್ನು ಲೆಕ್ಕ ಹಾಕಿ ನೋಡಿ: ನಿಮ್ಮ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ ಸುಮಾರು 8 ಕ್ವಿಂಟಾಲ್. ಎಲ್ಲ ಕಡೆಯಿಂದ ಬಿಗಿಯಾಗಿ ಅಮುಕಿಸಿಕೊಂಡ ಬಂಡೆಯ ಒಂದು ಬದಿಯನ್ನು ನಾವು ಕೊರೆದು ಖಾಲಿ ಮಾಡುತ್ತೇವೆ. ಬಂಡೆ ಮೆತ್ತಗಿದ್ದರೆ ನಿಧಾನವಾಗಿ ಒಳಕ್ಕೆ ಉಬ್ಬುತ್ತದೆ. ಕೋಲಾರದ ಕಪ್ಪು ಶಿಸ್ಟ್ ಶಿಲೆ ಹಾಗಲ್ಲ, ಗಡುಸು. ತಡೆಯುವಷ್ಟು ತಡೆದು ಆಮೇಲೆ ಒಮ್ಮೆಲೇ ಸಿಡಿಯುತ್ತದೆ. ಗಣಿಯ ಹಳಬರ ಬಾಯಲ್ಲಿ ಅದು ‘ಏರ್ ಬ್ಲಾಸ್ಟ್’, ಪುಸ್ತಕದಲ್ಲಿ ‘ರಾಕ್ ಬರ್ಸ್ಟ್’, ನಾವು ಬಂಡೆಸಿಡಿತ ಅನ್ನೋಣ. ಮೇಲಿನ ಕಾಲೋನಿಯ ಮನೆಗಳ ಪಾತ್ರೆ ಅಲುಗಿದರೆ ಕೆಳಗೆ ಪಾಳಿಯಲ್ಲಿದ್ದವರ ಮನೆಯವರು ಶಾಫ್ಟಿನ ಕಡೆಗೆ ಓಡುತ್ತಿದ್ದರು. ಅದಿರು ತೆಗೆದ ಪೊಳ್ಳನ್ನು ಆನಿಸಲು ಮೇಲಿನಿಂದ ಗ್ರಾನೈಟ್ ಕಲ್ಲು ಇಳಿಸಿ ಗೋಡೆ ಕಟ್ಟುತ್ತಿದ್ದರೆಂದರೆ ಹೆದರಿಕೆ ಎಷ್ಟಿತ್ತೆಂದು ಊಹಿಸಬಹುದು. ಬಂಡೆಯ ಈ ಗುಣವನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಕೆಜಿಎಫ್‌ನಲ್ಲಿಯೇ. ಗಣಿ 2001ರ ಫೆಬ್ರುವರಿ ಕೊನೆಯಲ್ಲಿ ಮುಚ್ಚಿತು.

ಸಿಡಿತ ಯಾವಾಗ, ಯಾವ ಗೋಡೆಯಿಂದ ಎಂದು ಗಂಟೆ ಹಿಡಿದು ಹೇಳಲು ಇಂದಿಗೂ ಯಾವ ಉಪಕರಣಕ್ಕೂ ಆಗದು. ಹೊಸದಾಗಿ ಒಡೆದ ಮುಖದ ಬಳಿ ಅಪಾಯ ಹೆಚ್ಚು ಎಂಬುದು ಗೊತ್ತು. ಕೊರೆಯುವವನು ನಿಲ್ಲಬೇಕಾದದ್ದು ಸರಿಯಾಗಿ ಅಲ್ಲೇ. ಮಾಸ್ಕು ಧೂಳಿಗಾಯಿತು. ಇದಕ್ಕೆ ಯಾವ ಹೆಲ್ಮೆಟ್ ಸಾಕು? ಅಲ್ಲಿ ಮನುಷ್ಯ ಇರದಿರುವುದೊಂದೇ ದಾರಿ.

ದೂರ ಸರಿಯುವ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ನಡೆಯಿತು. ಮೊದಲು ಜ್ಯಾಕ್‌ಹ್ಯಾಮರ್ ಅನ್ನು ತೋಳಿನ ಬಲದಿಂದ ಒತ್ತಿ ಹಿಡಿಯುತ್ತಿದ್ದರು. ಅದರ ನಡುಕ ಬೆರಳಿನ ರಕ್ತನಾಳಗಳನ್ನು ಕೆಡಿಸುತ್ತದೆ. 1918ರಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಅಮೆರಿಕದ ಇಂಡಿಯಾನಾದ ಸುಣ್ಣಕಲ್ಲು ಕೆಲಸಗಾರರನ್ನು ಚಳಿಗಾಲದ ಬೆಳಗಿನಲ್ಲಿ ಪರೀಕ್ಷಿಸಿ, ಗಾಳಿ ಸುತ್ತಿಗೆ ಹಿಡಿದವರ ಬೆರಳು ಹೆಣದಂತೆ ಬಿಳಿಚಿಕೊಳ್ಳುವುದನ್ನು ದಾಖಲಿಸಿದಳು. ಯಂತ್ರಕ್ಕೆ ಗಾಳಿಯಿಂದ ಚಾಚುವ ಕಾಲು ಬಂತು, ತೋಳಿಗೆ ಕೊಂಚ ಬಿಡುವು ಸಿಕ್ಕಿತು. ಆಮೇಲೆ ಜಂಬೋ ಬಂತು: ಚಕ್ರದ ಬಂಡಿ, ಅದಕ್ಕೆ ಆನೆಯ ಸೊಂಡಿಲಿನಂಥ ಎರಡು ಮೂರು ತೋಳು, ತೋಳಿನ ತುದಿಯಲ್ಲಿ ಎಣ್ಣೆಯ ಒತ್ತಡದಿಂದ ಬಡಿಯುವ ಕೊರೆ. ಚಾಲಕ ಈಗ ಕೆಲವು ಮೀಟರ್ ಹಿಂದೆ, ತಲೆಯ ಮೇಲೆ ಉಕ್ಕಿನ ಸೂರು.

ಮುಂದಿನ ಮೆಟ್ಟಿಲಿನಲ್ಲಿ ಜಾರಿದರು. ಟಿವಿ ರಿಮೋಟಿನ ದೊಡ್ಡಣ್ಣನಂಥ ಪೆಟ್ಟಿಗೆಯನ್ನು ಕೊರಳಿಗೆ ನೇತುಹಾಕಿಕೊಂಡು, ಯಂತ್ರ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಂತು ನಡೆಸುವ ಪದ್ಧತಿ ಬಂತು. ಸೀಟಿನಿಂದ ಇಳಿದದ್ದರಿಂದ ಸುರಕ್ಷತೆ ಹೆಚ್ಚಬೇಕಿತ್ತು. ಅಮೆರಿಕದ ಕಲ್ಲಿದ್ದಲು ಗಣಿಗಳಲ್ಲಿ ಹೀಗೆ ರಿಮೋಟಿನಿಂದ ನಡೆಸುವ ಅಗೆಯಂತ್ರಗಳು ತಮ್ಮನ್ನು ನಡೆಸುವವರನ್ನೇ ಗೋಡೆಗೆ ಒತ್ತಿ ಕೊಂದವು. ಸೀಟಿನಲ್ಲಿ ಕುಳಿತವನಿಗೆ ಒಂದೇ ಜಾಗ, ನಡೆದಾಡುವವನಿಗೆ ನೂರು ಜಾಗ. ಚೆನ್ನಾಗಿ ಕಾಣಲೆಂದು ಒಂದು ಹೆಜ್ಜೆ ಮುಂದೆ ಹೋಗುತ್ತಾನೆ, ಅದು ಯಂತ್ರದ ದಾರಿಯೇ ಆಗಿರುತ್ತದೆ. ಮನುಷ್ಯ ಹತ್ತಿರ ಬಂದರೆ ತಾನಾಗಿ ನಿಲ್ಲುವ ಸಾಧನ ಆ ಯಂತ್ರಗಳಿಗೆ ಇರಲೇಬೇಕೆಂದು ಅಲ್ಲಿನ ಸರ್ಕಾರ 2015ರಲ್ಲಿ ನಿಯಮ ಮಾಡಿತು. ನನಗೆ ಅನ್ನಿಸುವಂತೆ ಈ ಇಡೀ ಕಥೆಯಲ್ಲಿ ಎಂಜಿನಿಯರುಗಳು ಕಲಿತ ದೊಡ್ಡ ಪಾಠ ಇದು: ಅರ್ಧ ದೂರ ಹೋಗುವುದು ಹತ್ತಿರ ಇರುವುದಕ್ಕಿಂತ ಕೆಟ್ಟದ್ದಾಗಬಹುದು.

ಪೂರ್ತಿ ದೂರ ಹೋಗಬೇಕಾದರೆ ಅಂಗೈಯ ವಿದ್ಯೆಯನ್ನು ಯಂತ್ರಕ್ಕೆ ಕಲಿಸಬೇಕು. ಆ ವಿದ್ಯೆ ಏನೆಂದು ನೋಡೋಣ. ಬಂಡೆ ಕೊರೆಯುವುದು ಬಡಗಿ ಮರಕ್ಕೆ ಬೈರಿಗೆ ಹಾಕಿದಂತಲ್ಲ. ಇಲ್ಲಿ ಮುಖ್ಯ ಕೆಲಸ ಪೆಟ್ಟಿನದು. ಎಣ್ಣೆ ಒತ್ತಡದ ಯಂತ್ರದೊಳಗಿನ ಸುತ್ತಿಗೆ ಸೆಕೆಂಡಿಗೆ ಐವತ್ತು ಸಲವಾದರೂ ರಾಡಿನ ತಲೆಗೆ ಹೊಡೆಯುತ್ತದೆ. ರಾಡು ತಿರುಗುವುದು ಪ್ರತಿ ಪೆಟ್ಟೂ ಹೊಸ ಜಾಗಕ್ಕೆ ಬೀಳಲಿ ಎಂದಷ್ಟೇ, ಚಾಣ ಹಿಡಿದವನು ಮಾಡುತ್ತಿದ್ದುದನ್ನೇ. ನೀರು ಪುಡಿಯನ್ನು ತೊಳೆದು ಹೊರಹಾಕುತ್ತದೆ. ಇವೆಲ್ಲದರ ಜೊತೆ ಕೊರೆಯ ಮೂತಿಯನ್ನು ಬಂಡೆಗೆ ಒತ್ತಿ ಹಿಡಿದಿರಬೇಕು. ಕಸುಬು ಇರುವುದು ಈ ಒತ್ತುವುದರಲ್ಲಿ. ಪೆಟ್ಟಿನ ಅಲೆ ಉಕ್ಕಿನೊಳಗೆ ಸೆಕೆಂಡಿಗೆ ಸುಮಾರು ಐದು ಕಿಲೋಮೀಟರ್ ವೇಗದಲ್ಲಿ ಇಳಿಯುತ್ತದೆ. ಮೂತಿ ಬಂಡೆಗೆ ಅಂಟಿಕೊಂಡಿದ್ದರೆ ಅಲೆಯ ಶಕ್ತಿ ಬಂಡೆಗೆ ಹೋಗಿ ಕಲ್ಲು ಪುಡಿಯಾಗುತ್ತದೆ. ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಅಲೆ ತಿರುಗಿ ಬಂದು ರಾಡನ್ನೇ ಎಳೆಯುತ್ತದೆ, ತಿರುಪಿನ ಮರೆ ಕಿತ್ತುಹೋಗುತ್ತದೆ, ರಾಡು ತುಂಡಾಗುತ್ತದೆ. ಹೆಚ್ಚು ಒತ್ತಿದರೋ, ಕುಳಿ ಸೊಟ್ಟಗಾಗುತ್ತದೆ, ಬಿರುಕು ಸಿಕ್ಕಲ್ಲಿ ಮೂತಿ ಕಚ್ಚಿಕೊಂಡು ನಿಲ್ಲುತ್ತದೆ. ಕಚ್ಚಿಕೊಂಡ ಕೊರೆಯನ್ನು ಬಿಡಿಸುವ ಪಾಡು ಬೋರ್‌ವೆಲ್‌ನವರನ್ನು ಕೇಳಿದರೆ ಗೊತ್ತಾಗುತ್ತದೆ.

ಅನುಭವಸ್ಥ ಕೊರೆಗಾರನ ಕೈ ಈ ಕಚ್ಚುವಿಕೆಯನ್ನು ಮೊದಲೇ ಊಹಿಸಿ ಹಿಂದೆಳೆಯುತ್ತದೆ. ಯಂತ್ರ ಹೇಗೆ ಊಹಿಸಬೇಕು? ಉತ್ತರ ಎಣ್ಣೆಯಲ್ಲೇ ಸಿಕ್ಕಿತು. ಮೂತಿ ಬಿಗಿಯತೊಡಗಿದರೆ ರಾಡನ್ನು ತಿರುಗಿಸುವ ಮೋಟಾರು ಹೆಚ್ಚು ಬಲ ಹಾಕಬೇಕು, ಹಾಗಾಗಿ ಅದರ ಎಣ್ಣೆಯ ಒತ್ತಡ ಏರುತ್ತದೆ. ಒತ್ತಡ ಇಷ್ಟು ದಾಟಿದರೆ ಒತ್ತುವುದನ್ನು ತಗ್ಗಿಸು, ಇನ್ನೂ ಏರಿದರೆ ಹಿಂದೆ ಎಳೆ, ಸರಿಹೋದ ಮೇಲೆ ಮೆಲ್ಲಗೆ ಮುಂದುವರಿ ಎಂದು ಯಂತ್ರಕ್ಕೆ ಕಟ್ಟುಮಾಡಿದರು. ಕಾದ ಹೆಂಚಿಗೆ ಬೆರಳು ತಗುಲಿದಾಗ ನಾವು ಯೋಚಿಸಿ ಕೈ ತೆಗೆಯುವುದಿಲ್ಲ, ಮಿದುಳಿಗೆ ಸುದ್ದಿ ಮುಟ್ಟುವ ಮೊದಲೇ ಬೆನ್ನುಹುರಿ ಕೈಯನ್ನು ಎಳೆದಿರುತ್ತದೆ. ದೂರನಿಯಂತ್ರಣದ ಕೊರೆಯಲ್ಲಿ ಈ ಬೆನ್ನುಹುರಿಯ ಕೆಲಸ ಯಂತ್ರದ್ದು. ಯಾವ ಕುಳಿ, ಎಷ್ಟು ಉದ್ದ, ಯಾವ ಕೋನ, ಇಲ್ಲಿ ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂಬ ತೀರ್ಮಾನ ಮನುಷ್ಯನದು. ರಿಮೋಟ್ ಅಂದ ಕೂಡಲೇ ನಾವು ಕೇಬಲ್ಲು, ಕ್ಯಾಮೆರಾ ಎಂದು ಯೋಚಿಸುತ್ತೇವೆ. ಅವು ಸುಲಭದ ಭಾಗ. ಈ ಪ್ರತಿವರ್ತನೆ ಯಂತ್ರಕ್ಕೆ ಬರದೇ ಹೋಗಿದ್ದರೆ ಕ್ಯಾಮೆರಾ ಇಟ್ಟೂ ಪ್ರಯೋಜನವಿರಲಿಲ್ಲ.

ಇದು ನೆಲೆಗೊಂಡ ಜಾಗ ನೋಡಬೇಕಾದರೆ ಸ್ವೀಡನ್ನಿನ ಉತ್ತರ ತುದಿಗೆ, ಧ್ರುವವೃತ್ತದಾಚೆಯ ಕಿರುನಾ ಊರಿಗೆ ಹೋಗಬೇಕು. ಅಲ್ಲಿ ಎಲ್‌ಕೆಎಬಿ ಎಂಬ ಸರ್ಕಾರಿ ಕಂಪನಿಯ ಕಬ್ಬಿಣದ ಗಣಿ ನೆಲದಡಿ ಒಂದು ಕಿಲೋಮೀಟರ್ ದಾಟಿ ಇಳಿದಿದೆ. ಅದಿರಿನ ಹಾಸಿನೊಳಗೆ ಒಂದರ ಕೆಳಗೊಂದು ಸುಮಾರು 28 ಮೀಟರ್ ಅಂತರದಲ್ಲಿ ಸುರಂಗಗಳನ್ನು ತೋಡುತ್ತಾರೆ. ಪ್ರತಿ ಸುರಂಗದಿಂದ ಮೇಲಕ್ಕೆ, ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಕುಳಿಗಳನ್ನು ಕೊರೆಯಬೇಕು. ಒಂದೊಂದು ಕುಳಿಯೂ ನಮ್ಮ ಗೇಣಿನ ಅರ್ಧದಷ್ಟು ಅಗಲ, ಕೆಲವು 50 ಮೀಟರ್‌ನಷ್ಟು ಉದ್ದ. ಅಷ್ಟು ಉದ್ದದ ಕುಳಿ ತುಸು ಬಾಗಿದರೂ ಪಕ್ಕದ ಕುಳಿಗೆ ಸೇರಿ ಮದ್ದಿನ ಲೆಕ್ಕವೆಲ್ಲ ತಪ್ಪುತ್ತದೆ. ಅದಕ್ಕೆ ಇಲ್ಲಿ ಸುತ್ತಿಗೆಯನ್ನು ಕುಳಿಯ ಹೊರಗಲ್ಲ, ಮೂತಿಯ ಹಿಂದೆಯೇ ಇಟ್ಟು, ಭಾರೀ ಒತ್ತಡದ ನೀರಿನಿಂದ ಬಡಿಸುತ್ತಾರೆ. ಬಡಿಯುವುದೂ ನೀರು, ತೊಳೆಯುವುದೂ ನೀರು. ಧೂಳಿನ ಮಾತೇ ಇಲ್ಲ. ಕೊರೆಗಾರರು ಮಾತ್ರ ಆ ಸುರಂಗದಲ್ಲಿಲ್ಲ. ಗಣಿಯದೇ ಮೇಲಿನ ಮಜಲಿನ ಬೆಚ್ಚಗಿನ ಕೋಣೆಯಲ್ಲಿ, ಪರದೆಗಳ ಮುಂದೆ, ಒಬ್ಬೊಬ್ಬರು ಹಲವು ಯಂತ್ರಗಳನ್ನು ನೋಡಿಕೊಳ್ಳುತ್ತ ಕುಳಿತಿರುತ್ತಾರೆ. ಯಂತ್ರವಿರುವ ಸುರಂಗದ ಬಾಯಿಗೆ ಬೆಳಕಿನ ಬೇಲಿ. ಯಾರಾದರೂ ದಾಟಿದರೆ ಯಂತ್ರ ತಣ್ಣಗಾಗುತ್ತದೆ. ಕೋಣೆಯಿಂದ ಬರುವ ಸಂಕೇತ ಕ್ಷಣಕಾಲ ಕಡಿದರೂ ಅಷ್ಟೇ, ಸುದ್ದಿ ನಿಂತರೆ ಕೆಲಸ ನಿಲ್ಲುತ್ತದೆ.

2020ರ ಮೇ 18ರ ನಸುಕಿನಲ್ಲಿ ಆ ಗಣಿ ನಡುಗಿತು, ಸುಮಾರು 4.9 ತೀವ್ರತೆಯ ಕಂಪನ. ಸ್ವೀಡನ್ನಿನಲ್ಲಿ ಗಣಿಗಾರಿಕೆಯಿಂದ ಉಂಟಾದ ಅಷ್ಟು ದೊಡ್ಡ ಕಂಪನ ಹಿಂದೆ ದಾಖಲಾಗಿರಲಿಲ್ಲ. ಸುರಂಗಗಳಿಗೆ ಭಾರಿ ಹಾನಿಯಾಯಿತು. ಯಾರಿಗೂ ಗಾಯವಾಗಲಿಲ್ಲ. ಅದೃಷ್ಟವೂ ಇತ್ತು, ರಾತ್ರಿ ಹೊತ್ತು ಜನ ಕಡಿಮೆ. ಆದರೆ ಜನ ಕಡಿಮೆ ಇರುವಂತೆ ಮಾಡಿದ್ದರಲ್ಲಿ ಆ ಕೋಣೆಗೂ ಪಾಲಿದೆ.

ಬಂಡೆಯೊಳಗೆ ಸಂಕೇತ ಸಾಗಿಸುವುದು ಹೇಗೆಂದು ನೀವು ಕೇಳಬಹುದು, ಲಿಫ್ಟಿನಲ್ಲೇ ನಮ್ಮ ಮೊಬೈಲ್ ಕೈಕೊಡುತ್ತದೆ. ರೇಡಿಯೋ ಅಲೆ ಬಂಡೆಯನ್ನು ಹಾಯುವುದಿಲ್ಲ, ಸುರಂಗದ ತಿರುವಿನಲ್ಲಿ ಸಾಯುತ್ತದೆ. ಗಣಿಯವರು ಇದಕ್ಕೆ ಕಂಡುಕೊಂಡ ಹಳೆಯ ಉಪಾಯ ‘ಸೋರುವ ಕೇಬಲ್’. ತೋಟದ ಡ್ರಿಪ್ ಪೈಪು ಉದ್ದಕ್ಕೂ ಹನಿ ಹನಿಯಾಗಿ ನೀರು ಬಿಡುವಂತೆ, ಹೊರಕವಚದಲ್ಲಿ ಸೀಳುಗಳಿರುವ ಈ ಕೇಬಲ್ ಸುರಂಗದುದ್ದಕ್ಕೂ ರೇಡಿಯೋ ಸಂಕೇತ ಸೋರಿಸುತ್ತ ಹೋಗುತ್ತದೆ. ಈಗ ಗಾಜಿನೆಳೆಯ ಕೇಬಲ್ಲು, ವೈಫೈ, ಮೊಬೈಲ್ ಜಾಲಗಳು ಇಳಿದಿವೆ. ಬಯಲು ಗಣಿಯಾದರೆ ದೂರಕ್ಕೆ ಮಿತಿಯೇ ಇಲ್ಲ. ಆಸ್ಟ್ರೇಲಿಯಾದ ಪಿಲ್ಬಾರಾ ಪ್ರದೇಶದ ರಿಯೋ ಟಿಂಟೋ ಕಂಪನಿಯ ಕಬ್ಬಿಣದ ಗಣಿಗಳ ಕಾರ್ಯನಿರ್ವಹಣಾ ಕೇಂದ್ರ 2010ರಿಂದ ಇರುವುದು ಸುಮಾರು 1,500 ಕಿಲೋಮೀಟರ್ ಆಚೆಯ ಪರ್ತ್ ನಗರದಲ್ಲಿ. ಅಷ್ಟು ದೂರಕ್ಕೆ ಬೆಳಕಿಗೂ ಗಾಜಿನೆಳೆಯಲ್ಲಿ ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಸಮಯ ಬೇಕು, ಚಿತ್ರ ಸಿದ್ಧವಾಗಲು ಇನ್ನಷ್ಟು. ಓಡುವ ಲಾರಿಗೆ ಈ ತಡ ತೊಂದರೆ ಕೊಡುತ್ತದೆ. ಕೊರೆ ಒಂದೇ ಕಡೆ ನಿಂತು ಕೆಲಸ ಮಾಡುವುದರಿಂದ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕಂಪನಿಗಳು ಇದಕ್ಕೆ ಹಣ ಸುರಿಯುವುದು ಕೆಲಸಗಾರರ ಮೇಲಿನ ಮಮತೆಯಿಂದ ಮಾತ್ರವೇ? ಹಾಗೆ ಬರೆದರೆ ನೀವೂ ನಂಬಲಾರಿರಿ. ಮದ್ದು ಸಿಡಿಸಿದ ಮೇಲೆ ಸುರಂಗದಲ್ಲಿ ವಿಷಾನಿಲ ತುಂಬುತ್ತದೆ, ಅದು ಚದುರುವ ತನಕ ಮನುಷ್ಯ ಒಳಗೆ ಹೋಗುವಂತಿಲ್ಲ. ಪಾಳಿ ಬದಲಾಗುವಾಗ, ಆಳಕ್ಕೆ ಇಳಿದು ಹತ್ತುವಾಗ ಗಂಟೆಗಳು ಸೋರುತ್ತವೆ. ಯಂತ್ರಕ್ಕೆ ಉಸಿರಾಟವಿಲ್ಲ, ಪಾಳಿಯೂ ಇಲ್ಲ. ಸುರಕ್ಷತೆಯೂ ಲಾಭವೂ ಒಂದೇ ದಾರಿಯಲ್ಲಿ ಬಂದದ್ದರಿಂದ ಕೆಲಸ ಬೇಗ ಆಯಿತು. ಬರದೇ ಇದ್ದಲ್ಲಿ ಏನಾಯಿತೆಂದು ತಿಳಿಯಲು ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕು. ಅಲ್ಲಿನ ಚಿನ್ನ ಮತ್ತು ಪ್ಲಾಟಿನಂ ಎಳೆಗಳು ಎಷ್ಟು ತೆಳುವೆಂದರೆ ಹಲವು ಕಡೆ ಒಂದು ಮೀಟರ್ ಎತ್ತರದ ಸಂದಿಯಲ್ಲಿ ಬಗ್ಗಿ, ಮಲಗಿ ಕೊರೆಯಬೇಕು. ದೊಡ್ಡ ಯಂತ್ರ ಅಲ್ಲಿಗೆ ಹೋಗದು. 2012ರ ಆಗಸ್ಟಿನಲ್ಲಿ ಮರಿಕಾನಾ ಎಂಬಲ್ಲಿ ಕೂಲಿ ಹೆಚ್ಚಳಕ್ಕೆ ಮುಷ್ಕರ ಹೂಡಿದವರು ಈ ಕೊರೆಗಾರರೇ. 16ರಂದು ಪೊಲೀಸರ ಗುಂಡಿಗೆ 34 ಮಂದಿ ಸತ್ತರು. ಅಲ್ಲಿನ ಚಿನ್ನದ ಗಣಿಗಳ ಸಿಲಿಕೋಸಿಸ್ ರೋಗಿಗಳಿಗೆ ಸುಮಾರು 500 ಕೋಟಿ ರ‍್ಯಾಂಡ್ ಪರಿಹಾರದ ಒಪ್ಪಂದಕ್ಕೆ 2019ರಲ್ಲಿ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಜನ ತೀರಿಹೋಗಿದ್ದರು. ಯಂತ್ರ ಬಂದರೆ ಕೆಲಸ ಹೋಗುತ್ತದೆಂಬ ಭಯವೂ ಅಲ್ಲಿ ಸುಳ್ಳಲ್ಲ. ಒಬ್ಬರು ಹಲವು ಯಂತ್ರ ನಡೆಸುವ ಕೋಣೆಯಲ್ಲಿ ಕುರ್ಚಿಗಳು ಕಡಿಮೆ.

ಕೋಣೆ ಬಂದ ಮೇಲೂ ಕೆಳಗೆ ಮನುಷ್ಯ ಬೇಕು. ಸವೆದ ಮೂತಿ ಬದಲಿಸಬೇಕು, ಒಡೆದ ಕೊಳವೆ ಕಟ್ಟಬೇಕು, ಕುಳಿಗಳಿಗೆ ಮದ್ದು ತುಂಬಬೇಕು. ಕುಳಿಗೆ ಮದ್ದು ತುಂಬುವುದು ಬಹುಪಾಲು ಗಣಿಗಳಲ್ಲಿ ಇವತ್ತಿಗೂ ಮುಖದ ಬಳಿ ನಿಂತು ಮಾಡುವ ಕೆಲಸವೇ. ನಮ್ಮ ದೇಶದಲ್ಲೂ ರಾಜಸ್ಥಾನದ ಸಿಂದೇಸರ್ ಖುರ್ದ್ ಸತು-ಸೀಸದ ಗಣಿಯಲ್ಲಿ ನೆಲದ ಮೇಲಿನ ಕೋಣೆಯಿಂದ ಕೆಳಗಿನ ಯಂತ್ರ ನಡೆಸುವ ವ್ಯವಸ್ಥೆ ಬಂದಿದೆ. 1952ರ ಗಣಿ ಕಾಯ್ದೆ ಮಹಿಳೆಯರು ನೆಲದಡಿಯ ಕೆಲಸಕ್ಕೆ ಇಳಿಯುವುದನ್ನು ತಡೆದಿತ್ತು, 2019ರಲ್ಲಿ ಅದು ಸಡಿಲವಾಯಿತು. ಪರದೆಯ ಮುಂದಿನ ಕುರ್ಚಿಗೆ ಮೊದಲಿಂದಲೂ ಆ ತಡೆ ಇರಲಿಲ್ಲ.

ಆದರೆ ಕರ್ನಾಟಕದಲ್ಲಿ ಬಂಡೆ ಕೊರೆಯುವವರಲ್ಲಿ ಹೆಚ್ಚಿನವರು ಇಂಥ ಗಣಿಯಲ್ಲಿಲ್ಲ. ಚಿಕ್ಕಬಳ್ಳಾಪುರದಿಂದ ಇಳಕಲ್ಲಿನ ತನಕ ಕ್ವಾರಿಗಳಲ್ಲಿ, ಟ್ರ್ಯಾಕ್ಟರಿಗೆ ಕಟ್ಟಿದ ಕಂಪ್ರೆಸರಿನ ಪಕ್ಕದಲ್ಲಿ, ಬೋರ್‌ವೆಲ್ ಲಾರಿಯ ಬೆನ್ನಿನ ಮೇಲೆ ಇದ್ದಾರೆ. ಅವರಿಗೆ ಕಿರುನಾದ ಕೋಣೆ ಬರುವುದು ಸದ್ಯಕ್ಕಿಲ್ಲ. ಲೇನರ್‌ನ ನೀರು ಬರಬಹುದು, ಅದಕ್ಕೆ ಬೇಕಾದದ್ದು ಒಂದು ಡ್ರಮ್ಮು, ಒಂದು ಸಣ್ಣ ಪಂಪು, ಗಾಳಿಯ ಪೈಪಿಗೆ ಒಂದು ಜೋಡಣೆ. ಮುಂದಿನ ಸಲ ನಿಮ್ಮ ಜಮೀನಿಗೋ ಬೀದಿಗೋ ಬೋರ್‌ವೆಲ್ ಲಾರಿ ಬಂದಾಗ ಅಡಿಗೆ ಎಷ್ಟು ರೂಪಾಯಿ ಎಂದು ಕೇಳುವುದರ ಜೊತೆಗೆ ‘ಕೊರೆಯುವಾಗ ನೀರು ಬಿಡುತ್ತೀರಾ?’ ಎಂದೂ ಕೇಳಿ. ಇಲ್ಲವೆಂದರೆ ಬಿಡಿಸಿ, ಅದರ ಖರ್ಚನ್ನು ನೀವೇ ಕೊಡಿ. ಮಕ್ಕಳನ್ನು ಗಾಳಿ ಬೀಸಿ ಬರುವ ಕಡೆಗೆ, ಪುಡಿ ಹಾರದ ಬದಿಗೆ ಕರೆದುಕೊಂಡು ನಿಲ್ಲಿ.